ಗುಂಡಿ ಮುಚ್ಚಲು ಬಿಸಿ ಡಾಂಬರು ಮಿಶ್ರಣವೋ, ಬಿಸಿ ಮಾಡದೆ ಹಾಕುವ ಚೀಲದ ಕೋಲ್ಡ್ ಮಿಕ್ಸೋ?

ಗಟ್ಟಿತನ ಮಾತ್ರ ನೋಡಿದರೆ ಬಿಸಿ ಮಿಶ್ರಣವೇ ಮೇಲು. ದೊಡ್ಡ ಗುಂಡಿ, ಭಾರಿ ಲಾರಿ ಓಡಾಡುವ ರಸ್ತೆ, ಒಣ ಹವೆ ಇದ್ದರೆ ಅದನ್ನೇ ತರಿಸಿ. ಬೆಲೆಯೂ ಕಡಿಮೆ. ಆದರೆ ಮಿಶ್ರಣ ತಯಾರಿಸುವ ಪ್ಲಾಂಟ್ ಹತ್ತಿರವಿರಬೇಕು, ಬಿಸಿ ಆರುವ ಮೊದಲೇ ಹಾಸಿ ರೋಲರ್ ಓಡಿಸಬೇಕು. ನಾಲ್ಕು ಗುಂಡಿಗೆ ಲಾರಿಗಟ್ಟಲೆ ತರಿಸಿದರೆ ಸುಮ್ನೆ ದಂಡ.

ಕೆಲಸಗಾರರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಪ್ಲಾಂಟಿನಿಂದ ಹೊರಡುವಾಗ ಮಿಶ್ರಣ ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಕೈಗವಸು, ಗಂಬೂಟು, ಉದ್ದ ತೋಳಿನ ಅಂಗಿ ಬೇಕೇ ಬೇಕು. ಚಪ್ಪಲಿಯಲ್ಲಿ ನಿಲ್ಲಿಸಬೇಡಿ. ಚರ್ಮಕ್ಕೆ ಅಂಟಿದರೆ ಕೀಳಬಾರದು. ತಕ್ಷಣ ತಣ್ಣೀರು ಹರಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಕೋಲ್ಡ್ ಮಿಕ್ಸ್‌ಗೆ ಬಿಸಿಯ ಕಾಟವಿಲ್ಲ. ಚೀಲ ಒಡೆದು ಸುರಿದು ದಮ್ಮಸು ಹೊಡೆದರೆ ಆಯಿತು. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿಯಂಥ ಘಾಟಿಗೆ ನನ್ನ ಮತ ಇದಕ್ಕೇ. ತಿರುವಿನಲ್ಲಿ ಜನ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ, ಅದೇ ದೊಡ್ಡ ಲಾಭ ಅಲ್ವಾ? ಗುಂಡಿಯಲ್ಲಿ ನಿಂತ ನೀರನ್ನು ಮಾತ್ರ ತೆಗೆಯಲೇಬೇಕು. ಬೆಲೆ ಜಾಸ್ತಿ, ಬಾಳಿಕೆ ಸಾಮಾನ್ಯವಾಗಿ ಕಡಿಮೆ. ಕೆಲವು ಚೀಲಗಳಲ್ಲಿ ಸೀಮೆಎಣ್ಣೆಯಂಥ ದ್ರಾವಕ ಇರುತ್ತದೆ, ಹತ್ತಿರ ಬೀಡಿ ಹಚ್ಚಬಾರದು.

ಯಾವುದೇ ಆರಿಸಿ, ಕೋನ್, ರಿಫ್ಲೆಕ್ಟರ್ ಜಾಕೆಟ್, ಬಾವುಟ ಹಿಡಿಯುವವರ ಖರ್ಚನ್ನು ಕಡಿತ ಮಾಡಬೇಡಿ. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ ಎಸ್‌ಪಿ 55 ಕೈಪಿಡಿ ರಸ್ತೆ ಕೆಲಸದ ಜಾಗದಲ್ಲಿ ಸಂಚಾರ ನಿರ್ವಹಣೆಗೆಂದೇ ಇದೆ. ಎಚ್ಚರಿಕೆ ಫಲಕ ತಿರುವಿಗೂ ಮೊದಲೇ ಕಾಣಬೇಕು, ಗುಂಡಿಯ ಪಕ್ಕದಲ್ಲಿ ನೆಟ್ಟರೆ ಪ್ರಯೋಜನವಿಲ್ಲ.