ಸಣ್ಣ ಸೀರೆ ಅಂಗಡಿಗೆ ಮೆಟಾ ಬಿಸಿನೆಸ್ ಸೂಟ್: ಬಳಕೆದಾರರ ವಿಮರ್ಶೆ

ಉಡುಪಿಯ ರಥಬೀದಿಗೆ ಹತ್ತಿರವಿರುವ ಒಂದು ಕೈಮಗ್ಗದ ಸೀರೆ ಅಂಗಡಿಯ ಫೇಸ್‌ಬುಕ್ ಪುಟವನ್ನೂ ಇನ್‌ಸ್ಟಾಗ್ರಾಂ ಖಾತೆಯನ್ನೂ ನೋಡಿಕೊಳ್ಳುವ ಹೊಣೆ ನನ್ನದು. ಇದಕ್ಕೆ ನಾನು ಬಳಸುವುದು, ಇವೆರಡನ್ನೂ ಒಂದೇ ಕಡೆಯಿಂದ ನಡೆಸಲು ಬರುವ ಮೆಟಾ ಬಿಸಿನೆಸ್ ಸೂಟ್ ಎಂಬ ಸಾಧನ. 2020ರಲ್ಲಿ ಫೇಸ್‌ಬುಕ್ ಬಿಸಿನೆಸ್ ಸೂಟ್ ಎಂಬ ಹೆಸರಿನಲ್ಲಿ ಬಂದು, ಫೇಸ್‌ಬುಕ್ ಕಂಪನಿಯ ಹೆಸರು ಮೆಟಾ ಎಂದು ಬದಲಾದ ಮೇಲೆ ಈಗಿನ ಹೆಸರು ಪಡೆದ ಇದಕ್ಕೆ ಶುಲ್ಕವಿಲ್ಲ. ಪೋಸ್ಟ್‌ಗಳಿಗೆ ಮೊದಲೇ ಸಮಯ ನಿಗದಿ ಮಾಡಿಡುವ ಸೌಲಭ್ಯಕ್ಕಾಗಿ ಇದನ್ನು ಮೆಚ್ಚುವವರು ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಸಣ್ಣ ಅಂಗಡಿಗೆ ಅದಕ್ಕಿಂತಲೂ ಉಪಕಾರವಾಗುವುದು ಇದರ ಇನ್‌ಬಾಕ್ಸ್.

ಉಡುಪಿ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ, ಆದರೆ ನೇಯುವವರು ಕಡಿಮೆ. ಒಂದು ಬಣ್ಣದಲ್ಲಿ ಒಂದೋ ಎರಡೋ ಸೀರೆ ಮಾತ್ರ ಅಂಗಡಿಗೆ ಬರುವುದುಂಟು. ಅದರ ಚಿತ್ರ ಹಾಕಿದ ಕೂಡಲೇ ಒಬ್ಬರು ಕಮೆಂಟಿನಲ್ಲಿ ಬೆಲೆ ಕೇಳುತ್ತಾರೆ, ಇನ್ನೊಬ್ಬರು ಇನ್‌ಸ್ಟಾಗ್ರಾಂ ಸಂದೇಶದಲ್ಲಿ ಸೆರಗಿನ ಚಿತ್ರ ಕೇಳುತ್ತಾರೆ, ಮುಂಬೈಯಲ್ಲಿರುವ ಮತ್ತೊಬ್ಬರು ಅದೇ ಸೀರೆಯನ್ನು ತೆಗೆದಿರಿಸಿ ಎಂದು ಮೆಸೆಂಜರಿನಲ್ಲಿ ಬರೆಯುತ್ತಾರೆ. ಈ ಮೂರೂ ಒಂದೇ ಪರದೆಯಲ್ಲಿ ಕಾಣುವುದರಿಂದ ಯಾರು ಮೊದಲು ಕೇಳಿದರು ಎಂಬುದು ಸ್ಪಷ್ಟವಾಗುತ್ತದೆ, ಒಂದೇ ಸೀರೆಯನ್ನು ಇಬ್ಬರಿಗೆ ಒಪ್ಪಿಕೊಳ್ಳುವ ಪ್ರಸಂಗ ತಪ್ಪುತ್ತದೆ. ಅಂಗಡಿ ಮುಚ್ಚಿರುವಾಗ ತಾನಾಗಿ ಹೋಗುವ ಉತ್ತರವನ್ನು ಕನ್ನಡದಲ್ಲಿಯೇ ಬರೆದಿಡಬಹುದು. ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಸೀರೆಯನ್ನು ಅಂಚೆಯಲ್ಲಿ ಕಳುಹಿಸುತ್ತೇವೆಯೇ ಎಂಬ ಎರಡು ವಿಷಯಗಳನ್ನು ಅದರಲ್ಲಿ ಸೇರಿಸಿದರೆ ಸಾಕು, ರಾತ್ರಿಯ ಹೆಚ್ಚಿನ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಸಿಕ್ಕಿರುತ್ತದೆ.

ಎರಡನೆಯ ದೊಡ್ಡ ಪ್ರಯೋಜನ ಪ್ರವೇಶಾಧಿಕಾರದ ಹಂಚಿಕೆ. ಇದನ್ನು ನಮ್ಮ ಊರಿನ ಅಂಗಡಿಯವರು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲವೆಂಬ ಬೇಸರ ನನಗಿದೆ. ಮಣಿಪಾಲದಲ್ಲಿ ಓದುವ ಹುಡುಗನೊಬ್ಬನಿಂದ ಪುಟ ಮಾಡಿಸುತ್ತಾರೆ, ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಪುಟದ ಕೀಲಿಯೂ ಅವನ ಜೊತೆಗೇ ಹೋಗಿರುತ್ತದೆ. ಪೂರ್ಣ ನಿಯಂತ್ರಣವನ್ನು ಮಾಲೀಕರ ಹೆಸರಿನಲ್ಲಿಯೇ ಉಳಿಸಿಕೊಂಡು, ಪೋಸ್ಟ್ ಹಾಕುವುದು, ಸಂದೇಶಗಳಿಗೆ ಉತ್ತರಿಸುವುದು, ಜಾಹೀರಾತು ನೋಡಿಕೊಳ್ಳುವುದು ಇವುಗಳಲ್ಲಿ ಬೇಕಾದಷ್ಟನ್ನು ಮಾತ್ರ ಬೇರೆಯವರಿಗೆ ಒಪ್ಪಿಸಬಹುದು. ಪಾಸ್‌ವರ್ಡ್ ಯಾರಿಗೂ ಕೊಡಬೇಕಾಗಿಲ್ಲ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ಎರಡು ಹಂತದ ದೃಢೀಕರಣವನ್ನೂ ಅಂದೇ ಜಾರಿಗೆ ತನ್ನಿ. ನಿಮ್ಮ ಪುಟವು ಹಕ್ಕುಸ್ವಾಮ್ಯ ಉಲ್ಲಂಘಿಸಿದೆ, ಕೂಡಲೇ ಈ ಕೊಂಡಿ ಒತ್ತಿ ಎಂದು ಮೆಟಾ ಹೆಸರಿನಲ್ಲಿ ಬರುವ ಸಂದೇಶಗಳು ವಂಚಕರವು. ಅವುಗಳನ್ನು ನಂಬಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸಮಯ ನಿಗದಿ ಮಾಡುವ ಸೌಲಭ್ಯ ಮಳೆಗಾಲದಲ್ಲಿ ಬಹಳ ಅನುಕೂಲ. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದ ಪೋಸ್ಟನ್ನು ಮುಂಚಿತವಾಗಿ ಸಿದ್ಧಪಡಿಸಿಟ್ಟರೆ, ಆ ದಿನ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದಿದ್ದರೂ ಅದು ಪ್ರಕಟವಾಗುತ್ತದೆ. ನಮ್ಮನ್ನು ಹಿಂಬಾಲಿಸುವವರು ಯಾವ ಊರುಗಳಲ್ಲಿದ್ದಾರೆ ಎಂಬ ಅಂಕಿಅಂಶವೂ ಸಿಗುತ್ತದೆ. ದುಬೈಯಲ್ಲಿರುವ ನಮ್ಮ ಕರಾವಳಿಯವರನ್ನು ತಲುಪಬೇಕಾದರೆ, ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ರಾತ್ರಿ ಒಂಬತ್ತರ ನಂತರ ಪೋಸ್ಟ್ ಹಾಕುವುದು ಉತ್ತಮ.

ಕೊರತೆಗಳೂ ಇವೆ. ಮೊದಲ ಬಾರಿ ತೆರೆದವರಿಗೆ ಅಷ್ಟೊಂದು ಮೆನುಗಳ ನಡುವೆ ದಾರಿ ತಿಳಿಯುವುದು ಕಷ್ಟ. ಅಂಗಡಿಯಲ್ಲಿ ಕುಳಿತ ಹಿರಿಯರಿಗೆ ಇನ್‌ಬಾಕ್ಸ್ ಒಂದನ್ನೇ ಕಲಿಸುವುದು ಲೇಸು. ಇನ್‌ಸ್ಟಾಗ್ರಾಂನ ಬಿಸಿನೆಸ್ ಖಾತೆಗೆ ಸಿಗುವ ಸಂಗೀತವೂ ಸೀಮಿತವಾಗಿರುವುದರಿಂದ, ರೀಲ್‌ಗೆ ಚಿತ್ರಗೀತೆಯನ್ನು ನೆಚ್ಚಿಕೊಳ್ಳದೆ ಮಗ್ಗದ ಸದ್ದನ್ನೇ ಧ್ವನಿಮುದ್ರಿಸಿ ಹಾಕುವುದು ವಾಸಿ. ಜಾಹೀರಾತಿನ ಹಣದ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆಯಾದ್ದರಿಂದ ಬೂಸ್ಟ್ ಮಾಡುವ, ಎಂದರೆ ಹಣ ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತಲುಪಿಸುವ ಮೊದಲೇ ಅದನ್ನು ಸೇರಿಸಿ ಲೆಕ್ಕ ಹಾಕಬೇಕು.

ಇಷ್ಟೆಲ್ಲ ಇದ್ದರೂ ವ್ಯಾಪಾರ ಕುದುರುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನ ಕ್ಯಾಟಲಾಗ್‌ನಲ್ಲಿ 500 ವಸ್ತುಗಳ ತನಕ ತೋರಿಸಬಹುದು, ನಮ್ಮಂಥ ಅಂಗಡಿಗೆ ಅಷ್ಟು ಧಾರಾಳವಾಯಿತು. ಇನ್ನು ಕೃಷ್ಣಮಠಕ್ಕೆ ಬಂದ ಯಾತ್ರಿಕರು ಅಂಗಡಿ ಹುಡುಕುವುದು ಗೂಗಲ್ ಮ್ಯಾಪ್‌ನಲ್ಲಿ. ಅಲ್ಲಿಯ ವೇಳೆ, ಫೋನ್ ನಂಬರ್, ಗ್ರಾಹಕರ ವಿಮರ್ಶೆಗಳು ಬಿಸಿನೆಸ್ ಸೂಟ್‌ನ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಗೂಗಲ್ ಬಿಸಿನೆಸ್ ಪ್ರೊಫೈಲನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಪರ್ಯಾಯ, ವಿಟ್ಲಪಿಂಡಿಯಂಥ ಮಠದ ಉತ್ಸವದ ದಿನಗಳಲ್ಲಿ ಅಂಗಡಿಯ ವೇಳೆ ಬದಲಾದರೆ ಹಿಂದಿನ ದಿನವೇ ಅಲ್ಲಿ ತಿದ್ದಿಡಬೇಕು.