ತುಮಕೂರಿನ ಲ್ಯಾಬೊಂದರ ‘ಸಂಪೂರ್ಣ ಮಧುಮೇಹ ತಪಾಸಣೆ’: ಮೂತ್ರ ಪರೀಕ್ಷೆಯನ್ನೇ ಬಿಟ್ಟ ಪ್ಯಾಕೇಜ್

ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ, 63 ವರ್ಷದ ನನ್ನ ತಾಯಿಗೆ ಈಚೆಗೆ ತುಮಕೂರಿನ ಖಾಸಗಿ ಲ್ಯಾಬೊಂದರಲ್ಲಿ ಈ ಪ್ಯಾಕೇಜ್ ಮಾಡಿಸಿದೆವು. ಶಿರಾ ಗೇಟ್ ಬಳಿಯ ನಮ್ಮ ಮನೆಗೆ ಬೆಳಿಗ್ಗೆ ಆರೂವರೆಗೇ ಬಂದ ಸಿಬ್ಬಂದಿ, ನರ ಸುಲಭವಾಗಿ ಸಿಗದ ಅಮ್ಮನ ಕೈಯಿಂದ ಒಂದೇ ಸಲಕ್ಕೆ, ನೋವಾಗದಂತೆ ರಕ್ತ ತೆಗೆದರು. ವರದಿಯೂ ಅಂದು ಸಂಜೆಯೇ ಮೊಬೈಲಿಗೆ ಬಂತು.

ಕೊರತೆಯಿದ್ದದ್ದು ಪ್ಯಾಕೇಜಿನಲ್ಲಿಯೇ. ಊಟಕ್ಕೆ ಮುಂಚಿನ ಹಾಗೂ ನಂತರದ ಸಕ್ಕರೆ, ಮೂರು ತಿಂಗಳ ಸರಾಸರಿ, ಕೊಲೆಸ್ಟ್ರಾಲ್, ಮಾಂಸಖಂಡಗಳಲ್ಲಿ ಉಂಟಾಗಿ ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಎಲ್ಲವೂ ಇದ್ದವು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದು ತಿಳಿಸುವ ಪರೀಕ್ಷೆ ಮಾತ್ರ ಇರಲಿಲ್ಲ. ಟೈಪ್ 2 ಸಕ್ಕರೆ ಕಾಯಿಲೆಯವರು ಅದನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು, ಏಕೆಂದರೆ ಕಿಡ್ನಿಯ ಸೋಸುವ ರಕ್ತನಾಳಗಳು ಹಾನಿಗೊಳ್ಳತೊಡಗಿದಾಗ ನೋವಾಗಲಿ ಊತವಾಗಲಿ ಕಾಣಿಸುವುದಿಲ್ಲ.

ಅಮ್ಮನ ಕ್ರಿಯಾಟಿನಿನ್ 1.1 ಇತ್ತು. ವರದಿಯಲ್ಲಿ ಮುದ್ರಿಸಿದ್ದ ಮಿತಿ 0.6ರಿಂದ 1.1 ಆಗಿದ್ದುದರಿಂದ ಎಚ್ಚರಿಕೆಯ ಗುರುತೇನೂ ಇರಲಿಲ್ಲ, ನಾವೂ ನಿಶ್ಚಿಂತರಾಗಿದ್ದೆವು. ವೈದ್ಯರು ವಯಸ್ಸು ಮತ್ತು ಲಿಂಗವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಕಿಡ್ನಿ ಸೋಸುವ ಪ್ರಮಾಣ, ಅಂದರೆ ಇ-ಜಿಎಫ್‌ಆರ್, 56 ಎಂದು ತಿಳಿಯಿತು. ಅದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗೇ ಉಳಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದೇ ಪರಿಗಣಿಸುತ್ತಾರೆ. ಮಾಂಸಖಂಡ ಕಡಿಮೆಯಿರುವ ವಯಸ್ಸಾದ ಹೆಣ್ಣುಮಕ್ಕಳಲ್ಲಿ ಕ್ರಿಯಾಟಿನಿನ್ ಉತ್ಪತ್ತಿಯೇ ಕಡಿಮೆಯಾದ್ದರಿಂದ ಆ ಒಂದು ಅಂಕಿಯನ್ನು ನಂಬಿ ಕೂರುವಂತಿಲ್ಲವೆಂದು ಅವರು ತಾಳ್ಮೆಯಿಂದ ವಿವರಿಸಿದರು. ಲ್ಯಾಬಿನವರು ಈ ಲೆಕ್ಕವನ್ನು ವರದಿಯಲ್ಲೇ ಮುದ್ರಿಸಬಹುದಿತ್ತು. ಅದಕ್ಕೆ ಇನ್ನೊಂದು ಹನಿ ರಕ್ತವೂ ಬೇಕಿರಲಿಲ್ಲ.

ಮರುವಾರ ಮೂತ್ರ ಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ ಬೇರೆಯಾಗಿ ಮಾಡಿಸಿದೆವು. ಬೆಳಗಿನ ಮೊದಲ ಮೂತ್ರವನ್ನೇ ತರುವಂತೆ ಹೇಳಿದ್ದಲ್ಲದೆ, ಜ್ವರ ಅಥವಾ ಉರಿಮೂತ್ರ ಇದೆಯೇ ಎಂದೂ ಕೇಳಿದ್ದು ನನಗೆ ಬಹಳ ಮೆಚ್ಚುಗೆಯಾಯಿತು, ಏಕೆಂದರೆ ಅವಿದ್ದರೆ ಫಲಿತಾಂಶ ಸುಳ್ಳಾಗಿ ಏರಬಹುದು. ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿರಬೇಕಾದ ಅಲ್ಬುಮಿನ್ ಅಮ್ಮನಿಗೆ 140 ಇತ್ತು. ಒಂದೇ ಫಲಿತಾಂಶದಿಂದ ತೀರ್ಮಾನಿಸುವುದಿಲ್ಲವೆಂದು ವೈದ್ಯರು ಮರುಪರೀಕ್ಷೆ ಬರೆದಿದ್ದಾರೆ. ಮಂಡಿನೋವಿಗೆಂದು ಅಮ್ಮ ಮೆಡಿಕಲ್ ಶಾಪಿನಿಂದ ತಾವೇ ತರಿಸಿಕೊಂಡು ನುಂಗುತ್ತಿದ್ದ ನೋವಿನ ಮಾತ್ರೆಗಳು ಕಿಡ್ನಿಗೆ ಹಾನಿ ಮಾಡಬಹುದೆಂದು ವೈದ್ಯರು ಅವನ್ನು ಆ ದಿನವೇ ನಿಲ್ಲಿಸಿದರು.

ಸಮಯಪಾಲನೆಗೂ ಸಿಬ್ಬಂದಿಯ ನಡವಳಿಕೆಗೂ ಪೂರ್ಣ ಅಂಕ ಕೊಡುತ್ತೇನೆ, ಆದರೆ ಈ ಪ್ಯಾಕೇಜನ್ನು ‘ಸಂಪೂರ್ಣ’ ಎಂದು ಕರೆಯುವುದನ್ನು ಒಪ್ಪಲಾರೆ. ಮೂರು ತಿಂಗಳ ಮರುಪರೀಕ್ಷೆಗೆ ಅಲ್ಲಿಗೇ ಹೋಗುತ್ತೇವೆ, ವೈದ್ಯರು ಬರೆದ ಚೀಟಿಯೊಂದಿಗೆ.