ಟೈಮಿಂಗ್ ಸ್ಟ್ರಟ್ ಮನೆಯಲ್ಲೇ ಮಾಡಲು ಹೊರಟವರು ಒಮ್ಮೆ ಓದಿ
ಕಳೆದ ಬೇಸಿಗೆಯಲ್ಲಿ ಇಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರು ಓಟದ ಒಂದು ಸ್ಪ್ರಿಂಟ್‌ನಲ್ಲಿ ನನ್ನ ಕಾರು ಅಂತಿಮ ಗೆರೆ ದಾಟಿತು, ಸಮಯ ಅಳೆಯಲೆಂದು ಅದರ ಮೂತಿಗೆ ಬಿಗಿದಿದ್ದ ಪಟ್ಟಿ, ಅಂದರೆ ಟೈಮಿಂಗ್ ಸ್ಟ್ರಟ್, ದಾಟಲಿಲ್ಲ. ಕೊನೆಯ ತಿರುವಿನಲ್ಲೇ ಅದು ಮುರಿದು, ಕಾರಿನಡಿಗೆ ನುಗ್ಗಿ, ಟ್ರ್ಯಾಕ್ ನಡುವೆ ಬಿದ್ದಿತ್ತು. ಮುಂದಿನ ಸರದಿಯವರನ್ನು ಹೊರಡುವ ಗೆರೆಯಲ್ಲೇ ತಡೆದು, ಟ್ರ್ಯಾಕ್ ಕಾಯುವ ಮಾರ್ಷಲ್ ಒಬ್ಬರು ಓಡಿಹೋಗಿ ಆ ತಗಡನ್ನು ಹೆಕ್ಕಿ ತಂದರು. ಬಂಪರಿನ ಮೂತಿ ಗಡಿಯಾರ ನಿಲ್ಲಿಸುವ ಬೆಳಕಿನ ಕಿರಣಕ್ಕೆ ಅಡ್ಡ ಬಂದು ಏನೋ ಒಂದು ಸಮಯ ದಾಖಲಾಗಿತ್ತು; ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಪ್ಪು ನನ್ನದೇ ಆದ್ದರಿಂದ ಮರು ಓಟವೂ ಇಲ್ಲ. ನೂರು ಪೌಂಡ್ ಮೀರಿದ ಪ್ರವೇಶ ಶುಲ್ಕ ನೀರಿನಲ್ಲಿ ಹೋಮ.

ಗೊತ್ತಿಲ್ಲದವರಿಗೆ: ಸ್ಪ್ರಿಂಟ್‌ನಲ್ಲಿ ಕಾರುಗಳು ಒಂದೊಂದಾಗಿ ಓಡುತ್ತವೆ, ಸೆಕೆಂಡಿನ ನೂರನೇ ಭಾಗದವರೆಗೆ ಸಮಯ ಅಳೆಯುತ್ತಾರೆ. ಟ್ರ್ಯಾಕಿಗೆ ಅಡ್ಡಲಾಗಿ ಹಾಯುವ ಬೆಳಕಿನ ಕಿರಣಕ್ಕೆ ಕಾರು ಅಡ್ಡ ಬಂದಾಗ ಗಡಿಯಾರ ಶುರುವಾಗುತ್ತದೆ, ಕೊನೆಯಲ್ಲಿ ಹಾಗೆಯೇ ನಿಲ್ಲುತ್ತದೆ. ಒಂದೊಂದು ಕಾರಿನ ಮೂತಿ ಒಂದೊಂದು ಆಕಾರದ್ದು. ಆದ್ದರಿಂದ ಎಲ್ಲರ ಕಾರಿನ ಮುಂದೆಯೂ ಒಂದೇ ಬಗೆಯ ಪಟ್ಟಿ (ಅದೇ ಟೈಮಿಂಗ್ ಸ್ಟ್ರಟ್) ನೆಟ್ಟಗೆ ನಿಂತಿರಬೇಕು: 51 ಮಿಲಿಮೀಟರ್ ಅಗಲ, 254 ಮಿಲಿಮೀಟರ್ ಎತ್ತರ, ಹೊಳಪಿಲ್ಲದ ಕಪ್ಪು ಬಣ್ಣ.

ಇಷ್ಟು ತಗಡಿಗೆ ಅಂಗಡಿಗೇಕೆ ದುಡ್ಡು ಸುರಿಯಬೇಕು ಎಂದು ಎರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯಿಂದ ಪಟ್ಟಿ ಕತ್ತರಿಸಿ, ನಂಬರ್ ಪ್ಲೇಟಿನಂತೆ ಮುಂದಕ್ಕೆ ಮುಖ ಮಾಡಿ ಬಿಗಿದೆ. ತಪಾಸಣೆಗೆ ಬಂದ ಹಿರಿಯರು ಅದನ್ನು ನೋಡಿ, "ಕಿರಣ ಯಾವ ಕಡೆಯಿಂದ ಬರುತ್ತದೆ?" ಎಂದಷ್ಟೇ ಕೇಳಿದರು. ನಾಚಿಕೆಯಾಯಿತು. ಪಕ್ಕದಿಂದ ಬರುವ ಕಿರಣಕ್ಕೆ ಕಾಣುವುದು ಎರಡು ಮಿಲಿಮೀಟರಿನ ಅಂಚು ಮಾತ್ರ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 51 ಮಿಲಿಮೀಟರ್ ಪಟ್ಟಿಯೇ ಕಿರಣದೆದುರು ಇರುವುದು ಸೆಕೆಂಡಿನ ಐನೂರನೇ ಒಂದು ಭಾಗಕ್ಕೂ ಕಡಿಮೆ ಹೊತ್ತು; ನನ್ನ ಅಂಚು ಅದರಲ್ಲೂ ಇಪ್ಪತ್ತೈದನೇ ಒಂದು ಪಾಲು.

ನಿಜವಾದ ಎಡವಟ್ಟು ಆದದ್ದು ಆಮೇಲೆ. ಓಟಕ್ಕೆ ಅರ್ಧ ಗಂಟೆಯಿತ್ತು. ಪಟ್ಟಿಯನ್ನು ಬಿಚ್ಚಿ, ಪಕ್ಕದವರ ಟ್ರೈಲರಿನ ಅಂಚಿಗೆ ಒತ್ತಿ ಹಿಡಿದು, ಅಗಲದ ಮುಖ ಪಕ್ಕಕ್ಕೆ ತಿರುಗುವಂತೆ ಸುತ್ತಿಗೆಯಿಂದ ಬಡಿದು ಚೂಪಾಗಿ ಮಡಿಸಿದೆ. ಮಡಿಕೆಯ ಹೊರಮೈಯಲ್ಲಿ ಕೂದಲೆಳೆಯಂಥ ಗೆರೆಗಳು ಎದ್ದವು, ಒಣಗಿದ ಜೋಳದ ರೊಟ್ಟಿಯನ್ನು ಮಡಿಸಿದರೆ ಏಳುವಂತೆ. ಬಣ್ಣ ಬಿರಿದಿರಬೇಕು ಎಂದುಕೊಂಡು ಮೇಲೆ ಕಪ್ಪು ಟೇಪ್ ಸುತ್ತಿದೆ! ಬಿರಿದದ್ದು ಲೋಹ. ಗಟ್ಟಿ ಜಾತಿಯ ಅಲ್ಯೂಮಿನಿಯಂ ಚೂಪು ಮಡಿಕೆಯನ್ನು ಸಹಿಸುವುದಿಲ್ಲ. ಅದರ ಮೇಲೆ ಎಂಜಿನ್ನಿನ ನಡುಕ, ಗಾಳಿಯ ಹೊಡೆತ. ಎರಡು ಓಟ ತಾಳಿತು, ಮೂರನೆಯದಕ್ಕೆ ಕೈಕೊಟ್ಟಿತು. ಟೇಪ್ ಇಲ್ಲದಿದ್ದರೆ ಮೊದಲ ಓಟದ ನಂತರವೇ ಬಿರುಕು ಕಣ್ಣಿಗೆ ಬೀಳುತ್ತಿತ್ತು.

ಈಗಿನದು ಆರು ಮಿಲಿಮೀಟರ್ ಪ್ಲೈವುಡ್ಡಿನದು, ಕರಿಹಲಗೆಗೆ ಬಳಿಯುವ ಬಣ್ಣ ಹಚ್ಚಿದ್ದೇನೆ. ಮಡಿಕೆಯ ಮಾತೇ ಇಲ್ಲ: ಅಂಗಡಿಯಲ್ಲಿ ಸಿಗುವ ಎಲ್ ಆಕಾರದ ಉಕ್ಕಿನ ಪಟ್ಟಿ, ಎರಡು ಬೋಲ್ಟ್, ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್. ಕೇಬಲ್ ಟೈ ನೆಚ್ಚಿಕೊಳ್ಳಬೇಡಿ. ಕಟ್ಟಿದ ಮೇಲೆ ತುದಿ ಹಿಡಿದು ಜೋರಾಗಿ ಅಲುಗಾಡಿಸಿ. ಪಟ್ಟಿಯ ಜೊತೆ ಕಾರೂ ಅಲುಗಾಡಬೇಕು. ಬಣ್ಣವನ್ನು ಮಾತ್ರ ಹಿಂದಿನ ರಾತ್ರಿ ಬಳಿಯಬೇಡಿ. ಹಸಿ ಬಣ್ಣಕ್ಕೆ ಅಂಟಿದ ಹುಳುಗಳನ್ನು ಕಾರು ನಿಲ್ಲಿಸುವ ಪ್ಯಾಡಾಕ್‌ನಲ್ಲಿ ಉಗುರಿನಿಂದ ಕೆರೆಯುತ್ತ ಕುಳಿತವನ ಅನುಭವ ಇದು.